ಸಣ್ಣತಾಯಮ್ಮನ ಮಡಿಲು

ಭತ್ತದ ಹೂವು ಅರಳೋದನ್ನ ನೀವು ನೋಡಿದ್ದೀರಾ? ಇಲ್ಲ, ಬಿಡಿ. ಉಣ್ಣೋಕೆ ಮಾತ್ರ ನಾವೆಲ್ಲ ಮುಂದು. ಬೆಳಿಗ್ಗೆ ಹತ್ತರ ಬಿಸಿಲಿಗೆ ಕಾಳು ಬಾಯಿ ತೆರೆದು, ಒಂದು ಗಳಿಗೆ ಗಾಳಿಗೆ ತೂಗಿ, ಮುಚ್ಚಿಕೊಳ್ಳುತ್ತದೆ. ಹನಕೆರೆಯ ಸಣ್ಣತಾಯಮ್ಮ ಇಪ್ಪತ್ತೆಂಟು ವರ್ಷ ಆ ಗಳಿಗೆಯೊಳಗೇ ಬದುಕಿದಳು.

ಊರಾಚೆಯ ಸರ್ಕಾರಿ ಭತ್ತ ಸಂಶೋಧನಾ ಕೇಂದ್ರದಲ್ಲಿ ಅವಳು ಕೂಲಿಯಾಳು. ಹೊಸ ತಳಿ ಹುಟ್ಟಿಸಲು ಸಂಜೆ ಹೂವಿನ ತುದಿ ಕತ್ತರಿಸಿ, ಗಂಡು ಎಳೆಗಳನ್ನು ಚಿಮಟದಲ್ಲಿ ಕಿತ್ತು, ಕಾಗದದ ಟೋಪಿ ಹಾಕುವುದು. ಮರುದಿನ ಬೆಳಿಗ್ಗೆ ಬೇರೆ ತಳಿಯ ತೆನೆ ತಂದು ಅದರ ಮೇಲೆ ಒದರುವುದು. ಹಳದಿ ಹುಡಿ ತೇಲುವಾಗ ಅವಳಿಗೆ ಕೇಂದ್ರವೇ ಮಾಯವಾಗಿ ತವರು ಪೂರಿಗಾಲಿ ಕಾಣುತ್ತಿತ್ತು. ಅಣ್ಣ ಶಿವರಾಮುವಿನ ಚೌಳು ಗದ್ದೆ, ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿ ಬಿತ್ತಿದ್ದೇನೂ ಕೈಗೆ ಹತ್ತದ ನೆಲ, ಅದರ ತುಂಬ ಹಸಿರು! ಹಗಲುಗನಸು ಅಂತೀರಾ? ಅನ್ನಿ. ಹನ್ನೊಂದು ವರ್ಷದ ಹಿಂದೆ ಅವಳ ಕೈಯಿಂದಲೇ ಚೌಳಿಗೆ ಜಗ್ಗದ ತಳಿಯೊಂದು ಹುಟ್ಟಿತ್ತು.

ಹುಟ್ಟಿ ಏನು ಬಂತು? ಲೇಖನವಾಯಿತು, ದೊಡ್ಡವರಿಗೆ ಶಾಲು ಬಿತ್ತು, ಬೀಜ ತಣ್ಣನೆಯ ಕೋಣೆ ಸೇರಿ ಬೀಗ ಹಾಕಿಸಿಕೊಂಡಿತು.

"ಸರ್ಕಾರದ್ದು ಅಂದ್ರೆ ನಮ್ದೇ ಅಲ್ವಾ ಮೇಡಮ್ಮು? ನಮ್ಮೂರ್ ಮಣ್ಣಿಗೆ ಯಾವಾಗ ಕೊಟ್ಟೀರಿ?" ಎಂದು ವಿಜ್ಞಾನಿ ಗೋದಾ ಅವರನ್ನು ಪ್ರತಿ ವರ್ಷವೂ ಕೇಳುವಳು. ಅಪ್ಪಣೆಗೆ ಬರೆದಿದ್ದೀನಿ ಅನ್ನುವರು ಗೋದಾ, ತಲೆ ತಗ್ಗಿಸಿ. ಶಿವರಾಮು ಬೇರೆ ಹೇಳಿಬಿಟ್ಟಿದ್ದ: "ಈ ಮುಂಗಾರೇ ಕಡೆ ಕಣವ್ವ. ಆಮೇಲೆ ಪಾಳು ಬುಡ್ತೀನಿ."

ನಾಲ್ಕು ಕಾಳು ಕದಿಯಬಹುದಿತ್ತಲ್ಲ? ಛೇ! ಒಂದು ಕಾಳೂ ಆಚೆ ಹೋಗಬಾರದೆಂಬುದು ನಿಯಮ. ಅವಳು ದಿನಾ ಸಂಜೆ ಗೇಟಿನಲ್ಲಿ ನಿಂತು ಮಡಿಲು ಒದರಿಯೇ ಹೊರಡುವಳು. ಕಾವಲುಗಾರ ಪುಟ್ಟಸ್ವಾಮಿ "ಸಾಕು ಓಗಮ್ಮೋ" ಅಂದರೂ ಬಿಡಳು.

ಕೆಲಸದ ಕೊನೆಯ ದಿನ ಗೋದಾ ಕಾಗದವೊಂದನ್ನು ಹಿಡಿದು ಓಡಿಬಂದರು. ರೈತರ ಗದ್ದೆಯಲ್ಲಿ ಬೆಳೆದು ನೋಡಲು ಅಪ್ಪಣೆ ಸಿಕ್ಕಿತ್ತು; ಮೊದಲ ಹೆಸರೇ ಪೂರಿಗಾಲಿಯ ಶಿವರಾಮು. "ಬನ್ನಿ ತಾಯಮ್ಮ, ತವರಿಗೆ ಬರಿಗೈಲಿ ಹೋಗಬಾರದು" ಎಂದು ಅವಳ ಮಡಿಲು ತುಂಬ ಬೀಜ ಸುರಿದರು. ತವರಿನಿಂದ ಮಡಿಲಕ್ಕಿ ತರುವ ಹೆಣ್ಣುಮಕ್ಕಳು ಬೇಕಾದಷ್ಟು. ತವರಿಗೇ ಒಯ್ಯುವವಳು ಇವಳೊಬ್ಬಳೇ ಇರಬೇಕು.

ಕನಸಿನಲ್ಲಿ ನಡೆಯುವವಳ ಹಾಗೆ ಗೇಟಿಗೆ ಬಂದು ನಿಂತಳು. ಇಪ್ಪತ್ತೆಂಟು ವರ್ಷ ಪಳಗಿದ ಕೈ, ಮಾತು ಕೇಳುತ್ತದೆಯೇ? ಸೆರಗಿನ ತುದಿ ಹಿಡಿದು ಒದರಲು ಎತ್ತೇಬಿಟ್ಟಿತು.

"ಅಯ್ಯಯ್ಯೋ, ಒದರ್ಬ್ಯಾಡ ಕಣಮ್ಮ!"

ಅಪ್ಪಣೆಯ ಸುದ್ದಿ ಆಗಲೇ ಕೇಳಿದ್ದ ಪುಟ್ಟಸ್ವಾಮಿ ಹಾರಿ ಬಂದು ಸೆರಗಿನ ಕೆಳಗೆ ಬೊಗಸೆ ಒಡ್ಡಿದ. ಏಳೆಂಟು ಕಾಳು ಅದರೊಳಗೆ ಬಿದ್ದವು. ಸಣ್ಣತಾಯಮ್ಮ ಅಲ್ಲೇ ಕೂತು, ಸಂತೋಷಕ್ಕೆ ಗಳಗಳನೆ ಅತ್ತಳು.

ಅವನು ಕಾಳುಗಳನ್ನು ಒಂದೊಂದಾಗಿ ಅವಳ ಅಂಗೈಗೆ ಹಾಕಿ, ಗೇಟನ್ನು ಪೂರಾ ತೆರೆದ. "ಏಳಮ್ಮ, ಬಸ್ಸು ಬತ್ತದೆ."