ಗಂಗವ್ವ ಹಾಕಿದ ಸವಾಲು

ಹಾವೇರಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು ನಾನು. ಗೀಗೀ ಪದ ಹಾಡುತ್ತಿದ್ದ ರಾಣೇಬೆನ್ನೂರಿನ ಫಕೀರಪ್ಪ ತೀರಿಕೊಂಡಾಗ ಅವರ ನೆನಪಿನ ಸಭೆಗೂ ನನ್ನದೇ ಮೈಕ್. ಅವರ ಹಾಡು ಅಂದರೆ ಸುತ್ತಲಿನ ಊರವರು ಉಣ್ಣುವುದನ್ನು ಬಿಟ್ಟು ಬರುತ್ತಿದ್ದರು. ಈ ಸಭೆಯಲ್ಲಿ ಅರ್ಧ ಕುರ್ಚಿ ಖಾಲಿ ಇದ್ದವು.

ಬ್ಯಾಡಗಿಯಿಂದ ಗಂಗವ್ವ ಬಂದಿದ್ದರು. ಫಕೀರಪ್ಪ ಗಂಡು ಹೆಚ್ಚೆಂದು ಹಾಡಿದರೆ ಗಂಗವ್ವ ಹೆಣ್ಣು ಹೆಚ್ಚೆಂದು ಹಾಡುವವರು. ಸವಾಲಿಗೆ ಸವಾಲು ಹಾಕುತ್ತಲೇ ಇಬ್ಬರೂ ಮುದುಕರಾಗಿದ್ದರು.

"ಎರಡು ನಿಮಿಷ ಮಾತಾಡ್ರಿ" ಎಂದ ನಿರೂಪಕ. ಗಂಗವ್ವ ಮಾತಾಡಲಿಲ್ಲ. ಹಾರ ಹಾಕಿದ ಫೋಟೋದ ಕಡೆ ತಿರುಗಿ, ದಪ್ಪು ಬಡಿದು ಹಾಡಿದರು: "ಗಂಡು ಹೆಚ್ಚು ಅಂತಿದ್ದೆಲ್ಲೋ, ಮೊದಲ ಎದ್ದು ಹೋದಾಂವ ಯಾರು?"

ಆಮೇಲೆ ಉತ್ತರಕ್ಕೆ ಕಾಯುವವರಂತೆ ಸುಮ್ಮನೆ ನಿಂತರು. ಮೈಕ್ ಬಂದ್ ಮಾಡೆಂದು ನಿರೂಪಕ ನನಗೆ ಸನ್ನೆ ಮಾಡಿದ. ನಾನು ಕಾಣದವನ ಹಾಗೆ ವೈರು ಸರಿಮಾಡುತ್ತ ಕೂತೆ. ಪಾಪ, ಮುಂದಿನ ಸಾಲು ಮರೆತಿರಬೇಕೆಂದು ಜನ ಚಪ್ಪಾಳೆ ತಟ್ಟಿದರು.

ಗಂಗವ್ವ ನನ್ನ ಕಡೆ ನೋಡಿ, "ಬಂದ್ ಮಾಡಪಾ. ಅಂವಾ ಎಂದೂ ಹಿಂಗ ಸುಮ್ಮನಿದ್ದಾಂವ ಅಲ್ಲ" ಅಂದರು.

ಮೈಕ್ ಇಸಿದುಕೊಳ್ಳುತ್ತ ನಾನು ಕೇಳಿದೆ, "ಇನ್ನ ಮುಂದ ಹಾಡಾಕ ಬರ್ತೀರೇನ್ರಿ, ಅವ್ವಾರ?"

"ಯಾರ ಕೂಡ ಜಗಳಾಡ್ಲಿ?" ಅಂದು ದಪ್ಪನ್ನು ಚೀಲಕ್ಕೆ ಹಾಕಿಕೊಂಡರು.

ಮರುದಿನ ಪತ್ರಿಕೆಯಲ್ಲಿ ಸುದ್ದಿ ಬಂತು: ಹಿರಿಯ ಕಲಾವಿದೆ ಹಾಡು ಮರೆತರೂ ಸಭಿಕರು ಚಪ್ಪಾಳೆ ತಟ್ಟಿ ಪ್ರೋತ್ಸಾಹಿಸಿದರಂತೆ.