ಗೌರಿಯ ಮೂಗುಬೊಟ್ಟು

ಹೋದ ವಾರ, ಎಲ್ಲರೂ ಒಂದೊಂದು ಅಡುಗೆ ತರುವ ದೀಪಾವಳಿ ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತಿಗೆ ತಟ್ಟೆ ಹಿಡಿದು ನಿಂತಿದ್ದೆ. ಇಲ್ಲಿ ನ್ಯೂಜೆರ್ಸಿಯ ಪಿಸ್ಕಾಟವೇಗೆ ಓದಲು ಬಂದಿರುವ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು, "ಆಂಟಿ, ನೀವು ಮೆಟಲ್ ಡಿಟೆಕ್ಟಿಂಗ್ ಮಾಡ್ತೀರಂತೆ? ಯಾವ ಮಷೀನ್ ತಗೊಂಡ್ರೆ ಒಳ್ಳೇದು?" ಎಂದಳು. ಎಲ್ಲರೂ ಕೇಳುವುದು ಇದನ್ನೇ. ನೆಲದಡಿ ಹೂತುಹೋದ ನಾಣ್ಯ, ಉಂಗುರಗಳನ್ನು ಯಂತ್ರ ಹಿಡಿದು ಹುಡುಕುವ ಈ ಹುಚ್ಚು ನನಗೆ ಹಿಡಿದು ಎಷ್ಟೋ ಕಾಲವಾಯಿತು. ಯಾವ ಪುಸ್ತಕ ಓದಲಿ ಎಂದು ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಕೇಳದಿದ್ದರೂ ಹೇಳುವುದು ನನ್ನ ಜಾಯಮಾನ. ಅವಳ ತಟ್ಟೆಯ ಬಿಸಿಬೇಳೆಬಾತು ತಣ್ಣಗಾಗುವವರೆಗೂ ಹೇಳಿದೆ. ಈ ವರ್ಷ ಹೇಳಲು ಹುರುಪೂ ಇತ್ತು. ಆ ಓದೇ ಮೊನ್ನೆ ಅಕ್ಟೋಬರಿನಲ್ಲಿ ನನ್ನ ಎದೆಯ ಮೇಲಿನ ಕಲ್ಲೊಂದನ್ನು ಇಳಿಸಿತ್ತು.

ನನಗೆ ಇಬ್ಬರು ಗುರುಗಳು. ಮೊದಲನೆಯವರು ಲೈಬ್ರರಿಯ ಅಜ್ಜಿ. ನಮ್ಮ ಕಡೆಯ ಲೈಬ್ರರಿಯಲ್ಲಿ ಊರಿನ ಹಳೆಯ ಕಾಗದಪತ್ರಗಳನ್ನು ಇಟ್ಟಿರುವ ಒಂದು ಕೋಣೆಯಿದೆ. ಅದನ್ನು ನೋಡಿಕೊಳ್ಳುತ್ತಿದ್ದ ಅಮೆರಿಕನ್ ಹೆಂಗಸು ಅವರು. ಬೆಳಿಗ್ಗೆ ಸಮುದ್ರದ ದಂಡೆಯಲ್ಲಿ ಯಂತ್ರ ಹಿಡಿದು ಅಡ್ಡಾಡಿ, ಶೂ ತುಂಬ ಮರಳು ತುಂಬಿಕೊಂಡೇ ಕೆಲಸಕ್ಕೆ ಬರುತ್ತಿದ್ದರು. ಹೊಸ ಯಂತ್ರ ಕೊಂಡ ಸಂಭ್ರಮದಲ್ಲಿ ನಾನು ಹೋಗಿ, ಎಲ್ಲಿ ಅಗೆದರೆ ಏನು ಸಿಗುತ್ತದೆ ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಒಳಗೆ ಹೋಗಿ ಮೂರು ಪುಸ್ತಕ ತಂದು ಮೇಜಿನ ಮೇಲೆ ಇಟ್ಟರು. ಇವನ್ನು ಓದಿ ಮುಗಿಸುವವರೆಗೆ ಯಂತ್ರ ಮುಟ್ಟಬೇಡ ಎಂದರು.

ಒಂದು, ಸಮುದ್ರದ ಉಬ್ಬರವಿಳಿತದ ವೇಳೆ ತಿಳಿಸುವ ಪುಟ್ಟ ಪುಸ್ತಕ. ಇನ್ನೊಂದು ಹಳೆಯ ನಕ್ಷೆಗಳ ದಪ್ಪ ಪುಸ್ತಕ. ಈಗ ಟೌನ್‌ಹೌಸ್‌ಗಳೂ ಇಂಡಿಯನ್ ಸ್ಟೋರ್‌ಗಳೂ ಇರುವ ಕಡೆ ಹಿಂದೆ ಯಾರ ಹೊಲವಿತ್ತು, ಮನೆ ಎಲ್ಲಿತ್ತು ಎಂಬುದು ಅದರಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಮೂರನೆಯದು ನಮ್ಮ ಕಡೆಯ ಮಣ್ಣಿನ ಪುಸ್ತಕ. ಮೊದಲ ಸಲ ಓದಿದಾಗ ಎರಡನೆಯ ಪುಟಕ್ಕೇ ನಿದ್ದೆ ಬಂತು. ಮಣ್ಣಿನ ಬಣ್ಣ, ಪದರ, ನೀರು ಎಷ್ಟು ಇಂಗುತ್ತದೆ, ಇಷ್ಟೇ. ಆದರೆ ಹತ್ತಿರದ ಹಿಲ್ಸ್‌ಬರೋ ಊರಿನ ಕಡೆ ಮಣ್ಣು ಯಾಕೆ ಕುಂಕುಮಕ್ಕೆ ಹತ್ತಿರದ ಕೆಂಪು ಎಂಬುದನ್ನು ನಾನು ಕಲಿತದ್ದು ಅದರಿಂದ. ಹೊರಗಿನಿಂದ ತಂದು ಸುರಿದ ಮಣ್ಣು ಬೇರೆಯಾಗಿ ಕಾಣುತ್ತದೆ, ಈಚೆಗೆ ಬಿದ್ದದ್ದು ಮೇಲೇ ಇರುತ್ತದೆ ಎಂದು ಆ ಅಜ್ಜಿ ನನಗೆ ಬೆರಳಿಟ್ಟು ತೋರಿಸಿದರು. ಅವರು ಈಗಿಲ್ಲ. ಅವರ ನೆನಪಾದಾಗಲೆಲ್ಲ ಮಣ್ಣಿನ ಪುಸ್ತಕ ತೆಗೆಯುತ್ತೇನೆ. ಈಗಲೂ ನಿದ್ದೆ ಬರುತ್ತದೆ, ಆದರೆ ಪ್ರೀತಿಯಿಂದ ಬರುತ್ತದೆ.

ನನ್ನನ್ನು ಎರಡನೆಯ ಗುರುವಿಗೆ ಗಂಟು ಹಾಕಿದ್ದೂ ಅವರೇ. "ನಿಮ್ಮ ಭಾಷೆಯವರೇ ಒಬ್ಬರಿದ್ದಾರೆ, ನಿನ್ನಷ್ಟೇ ಮಾತಾಡುತ್ತಾರೆ" ಎಂದರು. ಹಿಲ್ಸ್‌ಬರೋದ ಅಂಕಲ್ ಪರಿಚಯವಾದದ್ದು ಹಾಗೆ. ಧಾರವಾಡದವರು, ಔಷಧಿ ಕಂಪನಿಯಲ್ಲಿ ಕೆಮಿಸ್ಟ್ ಆಗಿದ್ದು ರಿಟೈರ್ ಆದವರು. ಹೆಂಡತಿ ಮೈಸೂರಿನವರು. ಇಬ್ಬರ ಕನ್ನಡವೂ ಒಂದೇ ಮನೆಯಲ್ಲಿ ದಿನವಿಡೀ ಜಗಳವಾಡುತ್ತಿತ್ತು. ಆಂಟಿ ಅಡುಗೆಗೆ ಕರಿಬೇವು ಧಾರಾಳವಾಗಿ ಹಾಕುವವರು. ಅಂಕಲ್ ಒಂದೊಂದೇ ಎಲೆ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುವವರು. "ಆ ಗಿಡಾನ ನ್ಯೂಜೆರ್ಸಿ ಚಳೀಲಿ ಮಗು ಥರ ಸಾಕ್ತೀನಿ, ಇವರು ನೋಡಿ!" ಎಂದು ಆಂಟಿ ಬೈಯುವುದು, ಅಂಕಲ್ ಕೇಳಿಸಲಿಲ್ಲವೆಂಬಂತೆ ಮುಂದಿನ ಎಲೆ ಆರಿಸುವುದು, ಇದು ಆ ಮನೆಯ ಊಟದ ಕ್ರಮ.

ಅಂಕಲ್ ಬಳಿ ರಟ್ಟು ಕಳಚಿಹೋದ ಒಂದು ಕೈಪಿಡಿ ಇತ್ತು. ಯಾವನೋ ಹವ್ಯಾಸಿ ಬರೆದದ್ದು. ಅದರಲ್ಲಿ ಒಂದೇ ಅಧ್ಯಾಯ ಓದಿದರೆ ಸಾಕು ಎನ್ನುತ್ತಿದ್ದರು: ವಸ್ತು ಕಳೆದುಕೊಂಡವರನ್ನು ಹೇಗೆ ಕೇಳಬೇಕು ಎನ್ನುವ ಅಧ್ಯಾಯ. "ತಂಗಿ, ಮಂದಿ ಎಲ್ಲಿ ಕಳಕೊಂಡೆ ಅಂತ ಹೇಳ್ತಾರಲ್ಲ, ಅದನ್ನ ನಂಬಬ್ಯಾಡ. ಏನ ಮಾಡಿದ್ರಿ ಅಂತ ಮಾಡಿ ತೋರಸು ಅನ್ನು. ಬಾಯಿ ಮರೀತದ, ಕೈ ಮರಿಯಂಗಿಲ್ಲ." ಇನ್ನೊಂದು ಪಾಠ ಅವರದೇ. ಯಂತ್ರಕ್ಕೆ ಸಣ್ಣ ಚಿನ್ನವೂ ಚಾಕಲೇಟಿನ ತಗಡುಕಾಗದವೂ ಒಂದೇ. ಎರಡಕ್ಕೂ ಒಂದೇ ಥರ ಕುಂಯ್‌ಗುಡುತ್ತದೆ. "ಬಂಗಾರ ಕಸದ ದನೀಲೇ ಮಾತಾಡ್ತದ. ಕಸ ಅಂತ ಬಿಟ್ಟಿ ಅಂದ್ರ ಬಂಗಾರಾನೂ ಬಿಟ್ಟಿ." ಈ ಮಾತು ಕೇಳಿಕೊಂಡು ನಾನು ಅಗೆದು ತೆಗೆದ ಸೋಡಾ ಕ್ಯಾನಿನ ಚೂರುಗಳಲ್ಲಿ ಒಂದು ಕೊಡ ಮಾಡಿಸಬಹುದಿತ್ತು.

ಕೆಲವು ವರ್ಷಗಳ ಹಿಂದೆ ಆಂಟಿ ತೀರಿಕೊಂಡರು. ಆಮೇಲೆ ಅಂಕಲ್ ಕೈ ನಡುಗಲು ಶುರುವಾಗಿ ಯಂತ್ರ ಹಿಡಿಯುವುದು ನಿಂತಿತು. ಈ ವರ್ಷ ಮನೆ ಮಾರಿ ಡಲಾಸ್‌ನಲ್ಲಿರುವ ಮಗಳ ಜೊತೆ ಇರುವುದೆಂದು ತೀರ್ಮಾನವಾಯಿತು. ಗೌರಿ ಹಬ್ಬಕ್ಕೆ ಮುಂಚೆಯೇ ಮಗಳು ಬಂದು, ಆ ಮನೆಯ ಕೊನೆಯ ಹಬ್ಬವನ್ನು ತಾನೇ ಮಾಡಿದಳು. ಆಮೇಲೆ ಸಾಮಾನು ಹಂಚುವ ಕೆಲಸ. ಇಡ್ಲಿ ಪಾತ್ರೆ ಒಬ್ಬರಿಗೆ, ಚಳಿಗಾಲದ ಕೋಟುಗಳು ಇನ್ನೊಬ್ಬರಿಗೆ. ರಟ್ಟಿಲ್ಲದ ಕೈಪಿಡಿ, ಕರಿಬೇವಿನ ಗಿಡ, ಒಂದು ಒರಳು ನನಗೆ. ಮಾನ್ಮತ್ ಜಂಕ್ಷನ್‌ನ ನನ್ನ ಮನೆಗೆ ವಾಪಸು ಬರುವಾಗ ನನ್ನ ಕಾರು ಸಂತೆಗೆ ಹೊರಟ ಗಾಡಿಯಂತಿತ್ತು.

ಮನೆಯ ಕ್ಲೋಸಿಂಗ್, ಅಂದರೆ ಕೊಂಡವರಿಗೆ ಬರೆದುಕೊಟ್ಟು ಬೀಗದ ಕೈ ಒಪ್ಪಿಸುವುದು, ಶುಕ್ರವಾರ. ಆ ವಾರದ ಆರಂಭದಲ್ಲಿ ಮಗಳ ಫೋನ್ ಬಂತು. ಅಳುತ್ತಿದ್ದಳು. "ಆಂಟಿ, ಅಮ್ಮನ ನೋಸ್ ಸ್ಟಡ್ ಕಾಣಿಸ್ತಿಲ್ಲ. ಐ ಥಿಂಕ್ ನಾನೇ ಮುಳುಗಿಸಿಬಿಟ್ಟೆ."

ಆದದ್ದು ಇಷ್ಟು. ಆಂಟಿ ತೀರಿಕೊಂಡ ಮೇಲೆ ಪ್ರತಿ ಗೌರಿ ಹಬ್ಬಕ್ಕೂ ಅವರ ಕೆಂಪುಕಲ್ಲಿನ ಮೂಗುಬೊಟ್ಟನ್ನು ಮಣ್ಣಿನ ಗೌರಿಯ ಮೂಗಿಗೆ ಚಿಟಿಕೆ ಮೇಣದಲ್ಲಿ ಅಂಟಿಸಿ ಇಡುವುದು ಅಂಕಲ್ ಮಾಡಿಕೊಂಡ ಪದ್ಧತಿ. ವಿಸರ್ಜನೆಗೆ ಮೊದಲು ಅವರೇ ಬಿಡಿಸಿ ಡಬ್ಬಿಗೆ ಹಾಕುತ್ತಿದ್ದರು. ಈ ಸಲ ಮಗಳು ಗೌರಿಯ ಸರ ತೆಗೆದಳು, ಬಳೆ ತೆಗೆದಳು. ಮೇಣದ ಮೇಲೆ ಅರಿಶಿನ ಕುಂಕುಮ ಮೆತ್ತಿದ್ದರಿಂದ ಮೂಗುಬೊಟ್ಟು ಕಾಣಲಿಲ್ಲ, ನೆನಪೂ ಆಗಲಿಲ್ಲ. ನಮ್ಮೆಲ್ಲರ ಮನೆಗಳಲ್ಲಿ ಮಾಡುವಂತೆ ಗೌರಿ ಗಣೇಶ ಇಬ್ಬರನ್ನೂ ಹಿತ್ತಲ ಕಡೆಯ ಮರದ ಜಗಲಿಯಲ್ಲಿ, ಅಂದರೆ ಡೆಕ್ ಮೇಲೆ, ದೊಡ್ಡ ಪ್ಲಾಸ್ಟಿಕ್ ಟಬ್ಬಿನ ನೀರಿಗೆ ಬಿಟ್ಟಳು. ಮಣ್ಣು ಕರಗಿದ ಮೇಲೆ, ಯಾರೂ ತುಳಿಯದ ಕಡೆಗೆ ಎಂದು, ಬೇಲಿಯ ಹತ್ತಿರ ಹೂಗಿಡಗಳ ಬುಡಕ್ಕೆ ಸುರಿದಳು. ಪ್ಯಾಕ್ ಮಾಡುವಾಗ ಅಂಕಲ್ ಡಬ್ಬಿ ತೆಗೆದು ನೋಡಿದರೆ ಖಾಲಿ.

ನಾನು ಯಂತ್ರ ಹೊತ್ತು ಹೋದೆ. ಅಂಕಲ್ ಜಾಕೆಟ್ ತೊಟ್ಟು ಹಿತ್ತಲಲ್ಲಿ ಫೋಲ್ಡಿಂಗ್ ಚೇರ್ ಹಾಕಿಕೊಂಡು ಕೂತಿದ್ದರು. ಎಂದಿನ ತಮಾಷೆ ಇಲ್ಲ, ಮುಖ ಇಳಿದುಹೋಗಿತ್ತು. "ಬಂಗಾರದ ರೊಕ್ಕದ ಸಲುವಾಗಿ ಅಲ್ಲ ತಂಗಿ. ಅಕಿ ಮಾರಿ ಮ್ಯಾಲಿಂದು ನನ್ನ ಹತ್ರ ಉಳದಿದ್ದು ಅದೊಂದ" ಎಂದರು. ನಾನು ತಲೆ ತಗ್ಗಿಸಿ ಯಂತ್ರ ಆನ್ ಮಾಡಿದೆ.

ಹೂಗಿಡಗಳ ಬುಡದ ಕೆಂಪು ಮಣ್ಣಿನ ಮೇಲೆ ವಿಗ್ರಹದ ಬೂದು ಮಣ್ಣು ತೆಳ್ಳಗೆ ಕೆನೆಗಟ್ಟಿತ್ತು. ಸರಿ, ಜಾಗ ಇದೇ ಎಂದು ಖುಷಿಪಟ್ಟೆ. ಯಂತ್ರ ತಗ್ಗಿಸಿದ್ದೇ ತಡ, ಕುಂಯ್ ಎಂದಿತು. ಒಂದು ಹೆಜ್ಜೆ ಆಚೆ ಇಟ್ಟರೆ ಮತ್ತೆ ಕುಂಯ್. ವಿಗ್ರಹಗಳ ಕಿರೀಟಕ್ಕೆ, ಸೀರೆಯಂಚಿಗೆ ಅಂಟಿಸಿದ್ದ ಬೇಗಡೆ ಚೂರುಗಳೆಲ್ಲ ನೀರಿನ ಜೊತೆ ಹರಿದು ಅಲ್ಲಿ ಹರಡಿದ್ದವು. ಒಂದೊಂದು ಚೂರೂ ಚಿನ್ನದ ದನಿಯಲ್ಲಿ ಕೂಗುತ್ತಿತ್ತು. ಮಂಡಿಯೂರಿ ಒಂದೊಂದನ್ನೂ ತೆಗೆದೆ. ಹಸಿರು ಬೇಗಡೆ, ಕೆಂಪು ಬೇಗಡೆ, ಹಿಂದಿನ ವರ್ಷಗಳ ಬೇಗಡೆ. ಗಣಪತಿಯ ಮೇಲೆ ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಮರುದಿನವೂ ಅದೇ ಕತೆ. ಅಂಕಲ್ ನೋಡಿ ನೋಡಿ, "ಸಾಕ ಮಾಡು ತಂಗಿ. ಬೇಗಡಿ ದನಿ ಬಂದ್ರ ಬಿಟ್ಟು ಮುಂದ ಹೋಗು. ನಿನ್ನ ಮೊಣಕಾಲ ಹೋಗ್ತಾವ" ಎಂದರು. ನನಗೆ ರೇಗಿತು.

"ಕಸ ಬಿಟ್ಟರೆ ಬಂಗಾರ ಬಿಟ್ಟ ಹಾಗೆ ಅಂತ ಹೇಳ್ಕೊಟ್ಟಿದ್ದು ಯಾರು ಅಂಕಲ್?"

"ಹೇಳೂದು ಸಲೀಸ ಇರ್ತದ" ಎಂದು ಅವರು ಮುಖ ಆಚೆ ತಿರುಗಿಸಿದರು.

ಬೈದದ್ದಕ್ಕೆ ನನಗೇ ಕಸಿವಿಸಿಯಾಯಿತು. ಆದರೆ ಅವರ ಪಾಠ ಬಾಯಿಗೆ ಬಂದದ್ದೇ, ಇನ್ನೊಂದು ಪಾಠವೂ ನೆನಪಾಯಿತು. ಬೇರೆಯವರ ಹಿತ್ತಲಿಗೆ ಹೋದಾಗ ಕಳೆದುಕೊಂಡವರನ್ನು ಏನು ಮಾಡಿದಿರಿ, ಮಾಡಿ ತೋರಿಸಿ ಎನ್ನುವ ನಾನು, ಮನೆಯವರಂತಿರುವ ಈ ಹುಡುಗಿಯನ್ನು ಕೇಳಿಯೇ ಇರಲಿಲ್ಲ. ಎಲ್ಲಿ ಸುರಿದೆ ಎಂದಷ್ಟೇ ಕೇಳಿ ಬಗ್ಗಿದ್ದೆ.

ಅವಳನ್ನು ಕರೆದೆ. "ಆ ದಿನ ಮಾಡಿದ್ದನ್ನೆಲ್ಲ ಇನ್ನೊಂದು ಸಲ ಮಾಡಮ್ಮ. ನೀರು ಬೇಡ, ಬರೀ ಟಬ್ ಸಾಕು."

"ಸೀರಿಯಸ್ಲಿ, ಆಂಟಿ?" ಎಂದಳು. ಆದರೂ ಗ್ಯಾರೇಜಿನಿಂದ ಟಬ್ ತಂದು, ಡೆಕ್ ಮೇಲೆ ಇಟ್ಟು, ಎತ್ತಿಕೊಂಡು ಮೆಟ್ಟಿಲಿಳಿದು ಬೇಲಿಯ ಹತ್ತಿರ ಹೋದಳು. ಬಗ್ಗಿಸಿ ಸುರಿದಂತೆ ಮಾಡಿದಳು. ಅಲ್ಲಿಗೆ ಮುಗಿಯಬೇಕಿತ್ತು. ಅವಳು ಟಬ್ ಕೆಳಗಿಡಲಿಲ್ಲ. ಒಳಗೆ ಇಣುಕಿ, "ಥಿಕ್ ಸ್ಟಫ್ ಎಲ್ಲಾ ಬಾಟಮ್‌ನಲ್ಲಿ ಅಂಟ್ಕೊಂಡಿತ್ತು" ಎನ್ನುತ್ತ, ಟಬ್ಬನ್ನು ಸೊಂಟಕ್ಕೆ ಆನಿಸಿಕೊಂಡು ಮತ್ತೆ ಡೆಕ್ ಹತ್ತಿದಳು. ಮೂಲೆಗೆ ಹೋಗಿ ಬಗ್ಗಿ, ಕೈಯಿಂದ ಬಳಿದು ಬಳಿದು ಹಾಕಿದಂತೆ ಮಾಡಿದಳು. ಅವಳ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ಅಲ್ಲಿ ಏನೂ ಇರಲಿಲ್ಲ. ಮರದ ಹಲಗೆಗಳ ಮೇಲೆ ಒಂದು ಗುಂಡನೆಯ ಕಲೆ ಮಾತ್ರ ಇತ್ತು, ಕುಂಡ ಇಟ್ಟು ಇಟ್ಟು ಬಿದ್ದ ಕಲೆ.

"ಆಂಟಿ," ಎಂದಳು ಮೆಲ್ಲಗೆ, "ಇಲ್ಲಿ ಕರಿಬೇವಿನ ಗಿಡ ಇತ್ತಲ್ವಾ?"

ಆ ಗಿಡ ನನ್ನ ಅಡುಗೆಮನೆಯ ಕಿಟಕಿಯಲ್ಲಿತ್ತು. ಎರಡು ದಿನವೂ ಬೆಳಿಗ್ಗೆ ಅದರಿಂದ ಎಲೆ ಕಿತ್ತು ಒಗ್ಗರಣೆಗೆ ಹಾಕಿ, ತಿಂಡಿ ತಿಂದು, ಅವರ ಹಿತ್ತಲು ಅಗೆಯಲು ಹೋಗಿದ್ದೆ.

ಮೂವರೂ ನನ್ನ ಕಾರು ಹತ್ತಿದೆವು. ೨೦೬ನೇ ಹೆದ್ದಾರಿಯಲ್ಲಿ ಟ್ರಾಫಿಕ್ಕು. ನಾನು ಕುಂಡಕ್ಕೆ ಹೊಸ ಮಣ್ಣು ಹಾಕಿದ್ದೆನೇ, ಮೇಲಿನ ಮಣ್ಣು ಕೆದಕಿ ಎಸೆದಿದ್ದೆನೇ ಎಂದು ಒಂದೊಂದೇ ನೆನಪು ಮಾಡಿಕೊಳ್ಳುತ್ತಿದ್ದೆ. ನೀರು ಹಾಕಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ ಎಂದು ಖಾತ್ರಿಯಾದಾಗ ನನ್ನ ಸೋಮಾರಿತನಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಮನೆಯೊಳಗೆ ಯಂತ್ರ ಇಟ್ಟರೆ ಗೋಡೆಯ ವೈರಿಗೂ ಫ್ರಿಜ್ಜಿಗೂ ಕಿರುಚುತ್ತದೆ. ಕುಂಡವನ್ನು ಮನೆಯ ಹೊರಗೆ ಪ್ಯಾಟಿಯೋಗೆ ಎಳೆದು ತಂದೆವು. ಮಗಳು ಗಿಡವನ್ನು ಬುಡಸಮೇತ ಕಿತ್ತುಬಿಡೋಣ ಎಂದು ಕೈ ಹಾಕಿದಳು. ಅಂಕಲ್ ಅವಳ ಕೈ ಹಿಡಿದರು.

"ಕೀಳಬ್ಯಾಡ. ಇದನ್ನೂ ಅಕಿನೇ ಹಚ್ಚಿದ್ದು."

ಒಂದು ಸಿಗಬೇಕೆಂದು ಇನ್ನೊಂದನ್ನು ಕೊಲ್ಲಬೇಕೇ? ನಾನು ಕುಂಡದೊಳಗೆ ಬಗ್ಗಿ ನೋಡಿದೆ. ಕೆಳಗೆ ಅಂಗಡಿಯಿಂದ ತಂದ ಕಪ್ಪು ಮಣ್ಣು. ಮೇಲೆ, ಹೋಳಿಗೆಯಷ್ಟೇ ದಪ್ಪಕ್ಕೆ, ಒಣಗಿ ಬಿರುಕುಬಿಟ್ಟ ಬೂದು ಮಣ್ಣು. ಲೈಬ್ರರಿಯ ಅಜ್ಜಿ ಪಕ್ಕದಲ್ಲೇ ನಿಂತು ಬೆರಳಿಟ್ಟು ತೋರಿಸಿದಂತಾಯಿತು. ಹೊರಗಿನಿಂದ ಬಂದ ಮಣ್ಣು ಬೇರೆಯಾಗಿ ಕಾಣುತ್ತದೆ, ಈಚೆಗೆ ಬಿದ್ದದ್ದು ಮೇಲೇ ಇರುತ್ತದೆ. ಬೇರಿನ ತಂಟೆಗೆ ಹೋಗುವುದೇ ಬೇಡ. ಒಳಗಿನಿಂದ ಟೀ ಚಮಚ ತರಿಸಿ, ಬೂದು ಮಣ್ಣನ್ನು ಮಾತ್ರ ತುಸು ತುಸುವೇ ಎಬ್ಬಿಸಿ ಸ್ಟೀಲ್ ತಟ್ಟೆಗೆ ಹಾಕಿದೆ. ಆಮೇಲೆ ನನ್ನ ಪೆದ್ದುತನ ತಿಳಿದು, ಯಂತ್ರ ಗೊಂದಲಪಡದಿರಲೆಂದು ಪ್ಲಾಸ್ಟಿಕ್ ಮುಚ್ಚಳಕ್ಕೆ ಬದಲಾಯಿಸಿದೆ.

ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರವನ್ನು ಮೊದಲ ಹೆಂಟೆಗೆ ತಾಗಿಸಿದಾಗ ಕುಂಯ್ ಎಂದಿತು. ಒಡೆದೆ. ಬೇಗಡೆ. ಎರಡನೆಯದರಲ್ಲೂ ಬೇಗಡೆ. ಅಂಕಲ್ ಈ ಸಲ ಬಿಟ್ಟುಬಿಡು ಎನ್ನಲಿಲ್ಲ. "ಒಡಿ" ಎಂದರು. ಮುಂದಿನದಕ್ಕೂ "ಒಡಿ" ಎಂದರು. ಆಮೇಲೆ ಒಂದು ಹೆಂಟೆ ಒಡೆಯಲು ಬರಲಿಲ್ಲ, ಜಿಗುಟಾಗಿ ಬೆರಳಿಗೆ ಅಂಟಿತು. ಮೇಣ. ಒತ್ತಿ ಬಿಡಿಸಿದೆ. ಅರಿಶಿನ ಮೆತ್ತಿದ ಕೆಂಪುಕಲ್ಲು ಅಂಗೈಯಲ್ಲಿ ಕೂತಿತ್ತು.

ನಾನು ಜೋರಾಗಿ ಅತ್ತೆ. ಯಾಕೆ ಸುಳ್ಳು ಹೇಳಲಿ? ಮಗಳು ಮೂಗುಬೊಟ್ಟು ಕಸಿದುಕೊಂಡು ತೊಳೆಯಲು ಅಡುಗೆಮನೆಗೆ ಓಡಿದಳು. ಅಂಕಲ್ ಹಿಂದಿನಿಂದ ಕಿರುಚಿದರು: "ಏ ಹುಚ್ಚಿ, ಸಿಂಕ್ ಮುಚ್ಚು! ಮೊದಲ ಸಿಂಕ್ ಮುಚ್ಚು!" ಆಂಟಿ ಹೋದ ಮೇಲೆ ಅವರ ದನಿ ಅಷ್ಟು ಗಟ್ಟಿಯಾಗಿ ಬಂದದ್ದನ್ನು ನಾನು ಕೇಳಿರಲಿಲ್ಲ. ನಾವು ಮೂವರೂ ನಗಲು ಶುರು ಮಾಡಿದೆವು, ನಿಲ್ಲಿಸುವುದು ಕಷ್ಟವಾಯಿತು.

ತೊಳೆದ ಮೂಗುಬೊಟ್ಟನ್ನು ಅಂಕಲ್ ಕರವಸ್ತ್ರದಲ್ಲಿ ಗಂಟು ಕಟ್ಟಿ ಶರ್ಟಿನ ಜೇಬಿನಲ್ಲಿಟ್ಟರು. ತೆಗೆದು ನೋಡಿದರು, ಮತ್ತೆ ಇಟ್ಟರು. ನಾನು ಏನು ಹುಡುಕಿ ತೋರಿಸಿದರೂ ಯಾವಾಗಲೂ ಎಷ್ಟು ಆಳದಲ್ಲಿತ್ತು ಎಂದು ಕೇಳುವವರು, ಅವತ್ತು ಕೇಳಲಿಲ್ಲ. ಕುರ್ಚಿಗೆ ಒರಗಿ ಉದ್ದಕ್ಕೆ ಉಸಿರು ಬಿಟ್ಟು, "ತಂಗಿ, ಹಸಿವಾಗೇದ" ಎಂದರು. ಡಬ್ಬಿ ಖಾಲಿ ಕಂಡ ದಿನದಿಂದ ಅಪ್ಪ ಸರಿಯಾಗಿ ಊಟ ಮಾಡಿಲ್ಲ ಎಂದು ಮಗಳು ಹೇಳಿದ್ದು ಆಗಲೇ.

ನಾನು ಒಗ್ಗರಣೆ ಅವಲಕ್ಕಿ ಮಾಡಿದೆ. ಆ ಗಿಡದಿಂದಲೇ ಎಲೆ ಕಿತ್ತು, ಆಂಟಿ ಹಾಕುತ್ತಿದ್ದಷ್ಟೇ ಧಾರಾಳವಾಗಿ ಹಾಕಿದೆ. ಅಂಕಲ್ ತಲೆಯೆತ್ತದೆ ತಿಂದರು, ಇನ್ನೊಮ್ಮೆ ಹಾಕಿಸಿಕೊಂಡರು. ಅವರು ಕೈ ತೊಳೆಯಲು ಎದ್ದ ಮೇಲೆ ತಟ್ಟೆ ಎತ್ತಲು ಹೋದ ಮಗಳು, "ಆಂಟಿ, ಲುಕ್" ಎಂದು ನನಗೆ ತೋರಿಸಿದಳು. ತಟ್ಟೆಯ ಅಂಚಿನಲ್ಲಿ ಒಂದು ಎಲೆಯೂ ಇರಲಿಲ್ಲ.