ಸಂಡಾಸದ ಬಾಗಿಲಿಗೆ ಅಡ್ಡಲಾದ ಕುರ್ಚಿ

ನನ್ನ ತವರು ಕುಷ್ಟಗಿ ಕಡೆಯ ಒಂದು ಒಣಭೂಮಿಯ ಊರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಪಕ್ಕದಲ್ಲಿ ಹಸಿ ಹಕ್ಕರಕಿ ಸೊಪ್ಪು. ಇದನ್ನು ತಿಂದು ಬೆಳೆದ ನನಗೆ ಹೊಟ್ಟೆ ಅನ್ನುವುದೊಂದು ಇದೆ ಎಂಬ ನೆನಪೇ ಇರುತ್ತಿರಲಿಲ್ಲ. ಮದುವೆಯಾಗಿ ಗಂಗಾವತಿಗೆ ಬಂದೆ. ಇದು ಕಾಲುವೆ ನೀರಿನ ಸೀಮೆ, ಮೂರು ಹೊತ್ತೂ ಬೆಳ್ಳನೆಯ ಅನ್ನ. ವರ್ಷ ತಿರುಗುವುದರೊಳಗೆ ಹೊಟ್ಟೆ ಕಲ್ಲಾಯಿತು.

ಅನ್ನವನ್ನು ಬೈಯುವುದು ಸುಲಭ. ನನಗೆ ಸಿಟ್ಟಿರುವುದು ಒಂದು ಕುರ್ಚಿಯ ಮೇಲೆ.

ಈ ಮನೆಯ ಸಂಡಾಸದ ಬಾಗಿಲು ತೆರೆಯುವುದು ಪಡಸಾಲೆಗೆ. ಅದರ ಎದುರಿಗೇ ಗಾಳಿ ಚೆನ್ನಾಗಿ ಬರುತ್ತದೆಂದು ಮಾವನವರ ಕುರ್ಚಿ. ಬೆಳಗಾಗುತ್ತಲೇ ಅವರು ಪೇಪರ್ ಹಿಡಿದು ಕೂತರೆ ಓಣಿಯ ಗೆಳೆಯರೆಲ್ಲ ಬಂದು ಸೇರುತ್ತಿದ್ದರು. ಭತ್ತದ ರೇಟು, ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ, ಬಿಸಿಲೇರುವ ತನಕ ಅದೇ ಮಾತು. ಅಷ್ಟು ಹೊತ್ತು ಮನೆಯ ಹೆಂಗಸರು ಆ ಬಾಗಿಲ ಕಡೆ ಸುಳಿಯುವಂತಿರಲಿಲ್ಲ. ಹಿರಿಯರೆದುರು ಸೊಸೆ ಸಂಡಾಸಕ್ಕೆ ಹೋದರೆ ಮರ್ಯಾದೆ ಹೋಗುತ್ತದಂತೆ. ಚಹಾದ ತಟ್ಟೆ ಹಿಡಿದು ಅವರ ಮುಂದೆ ಎಷ್ಟು ಸಲ ಬೇಕಾದರೂ ಓಡಾಡಬಹುದಿತ್ತು. ಅದಕ್ಕೆ ಮರ್ಯಾದೆಯ ಅಡ್ಡಿಯಿರಲಿಲ್ಲ.

"ನಸುಕಿನ್ಯಾಗ ಎದ್ದು ಹೋಗಿ ಬಂದುಬಿಡವಾ" ಎಂದರು ಅತ್ತೆ.

ಎದ್ದೆ, ಕೂತೆ, ಏನೂ ಆಗಲಿಲ್ಲ. ನನ್ನ ಹೊಟ್ಟೆ ಕರೆಯುವುದು ಬಿಸಿ ಚಹಾ ಒಳಗಿಳಿದ ಮೇಲೆಯೇ. ಆಗ ಪಡಸಾಲೆ ತುಂಬಿರುತ್ತಿತ್ತು. ಹಲ್ಲು ಕಚ್ಚಿಕೊಂಡು ಪಾತ್ರೆ ತಿಕ್ಕುತ್ತಿದ್ದೆ. ಗೆಳೆಯರು ಎದ್ದು ಹೋಗುವ ಹೊತ್ತಿಗೆ ಹೊಟ್ಟೆಯೂ ಸುಮ್ಮನಾಗಿಬಿಡುತ್ತಿತ್ತು. ಹೊತ್ತಲ್ಲದ ಹೊತ್ತಲ್ಲಿ ಹೋಗಬೇಕಾದೀತೆಂದು ಹೆದರಿ ನೀರು ಕುಡಿಯುವುದನ್ನೂ ಕಡಿಮೆ ಮಾಡಿದೆ. ಅತ್ತೆ ಅಡುಗೆಮನೆಯ ಅಲಮಾರಿಯಿಂದ ಇಸಬಗೋಲದ ಡಬ್ಬಿ, ತ್ರಿಫಲಾ ಪುಡಿ, ಔಡಲೆಣ್ಣೆ ಒಂದೊಂದಾಗಿ ತೆಗೆದುಕೊಟ್ಟರು. ಇಷ್ಟೆಲ್ಲ ಔಷಧಿ ಇರುವ ಮನೆಯಲ್ಲಿ ಒಂದು ಕುರ್ಚಿ ಸರಿಸುವ ಕೈ ಇಲ್ಲವಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ರಕ್ತ ಕಂಡ ದಿನ ಗಂಡ ಗಾಬರಿಯಾಗಿ ಕೊಪ್ಪಳಕ್ಕೆ ಕರೆದೊಯ್ದ. ಡಾಕ್ಟರಮ್ಮ ನೋಡಿ ಹೇಳಿದರು: "ರೊಟ್ಟಿ, ಕಾಳು, ಸೊಪ್ಪು ತಿನ್ರಿ. ನೀರು ಛಲೋತ್ನಂಗ ಕುಡೀರಿ. ಮುಖ್ಯ ಅಂದ್ರ, ಬಂದಾಗ ಹೋಗ್ರಿ. ತಡಕೊಂಡಷ್ಟೂ ಒಳಗ ಗಟ್ಟಿ ಆಕ್ಕೈತಿ. ಹಿಂಗ ಬಿಟ್ರ ನಾಳೆ ಆಪರೇಶನ್ ಮಾಡಬೇಕಾಗ್ತೈತಿ."

ಬಸ್ಸಿನಲ್ಲಿ ಗಂಡ ನನಗೇ ಪಾಠ ಹೇಳಿದ. "ನಾಳಿಂದ ರೊಟ್ಟಿ ಮಾಡ್ಕೋ. ನೀರು ಕುಡಿ."

"ಮುಖ್ಯ ಅಂತ ಹೇಳಿದ್ರಲ್ಲ, ಅದು?" ಎಂದೆ.

ಅವನು ಡಾಕ್ಟರಮ್ಮನ ಚೀಟಿ ಮಡಚಿ ಜೇಬಿಗಿಟ್ಟ.

ಮರುದಿನ ತಂಬಿಗೆ ತುಂಬ ನೀರು ಕುಡಿದೆ, ಮೇಲೆ ಬಿಸಿ ಚಹಾ. ಕರೆ ಬಂತು. ಸೀದಾ ಪಡಸಾಲೆಗೆ ಹೋಗಿ ನಿಂತೆ.

"ಮಾವಾರ, ಕುರ್ಚಿ ಸರಸ್ರಿ. ನಾ ಸಂಡಾಸಕ್ಕ ಹೋಗಬೇಕು."

ಪೇಪರ್ ಕೆಳಗಿಳಿಯಿತು. ಒಬ್ಬರು ಲಗುಬಗೆಯಿಂದ ಚಪ್ಪಲಿ ಹುಡುಕತೊಡಗಿದರು. ಮಾವನವರ ಮುಖ ಕೆಂಪಾಯಿತು, ಆದರೆ ಕುರ್ಚಿ ಸರಿಯಿತು. ನಾನು ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ನನಗೆ ಬೇಕಾದಷ್ಟು ಹೊತ್ತು ಕೂತೆ.

ಅವತ್ತು ಮನೆಯಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ. "ಮಾನ ಕಳದ್ಲು" ಎಂದು ಮಾವ ಗೋಡೆಗೆ ಹೇಳಿದರು. ಸಂಡಾಸಕ್ಕೆ ಹೋದರೆ ಕಳೆಯುವ ಮಾನ ಎಂಥದ್ದೋ ನನಗಂತೂ ಇವತ್ತಿಗೂ ಗೊತ್ತಾಗಿಲ್ಲ.

ಮರುದಿನ ಬೆಳಿಗ್ಗೆ ಕುರ್ಚಿ ಮತ್ತೆ ಅಲ್ಲೇ. ಬೇಕೆಂದೇ ಬಾಗಿಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಹೊರಡುವಷ್ಟರಲ್ಲಿ ಅತ್ತೆ ಚಹಾದ ಲೋಟ ಕೆಳಗಿಟ್ಟು ನನ್ನನ್ನು ದಾಟಿ ನಡೆದರು.

"ಏಳ್ರಿ" ಎಂದರು ತಮ್ಮ ಗಂಡನಿಗೆ, ಎಲ್ಲರ ಮುಂದೆ. "ಮೊದಲ ನಾ ಹೋಗ್ತೀನಿ. ಆಮ್ಯಾಲ ಆಕಿ ಹೋಗ್ತಾಳ."

ಬಾಗಿಲು ಮುಚ್ಚಿಕೊಂಡಿತು. ಆಗ ಅಲಮಾರಿಯ ಡಬ್ಬಿಗಳು ನೆನಪಾದವು. ಅವು ಯಾವುವೂ ನನಗಾಗಿ ತಂದವಲ್ಲ. ಅತ್ತೆ ನನಗೆ ಮೊದಲ ಸಲ ತೆಗೆದುಕೊಟ್ಟಾಗಲೇ ಎಲ್ಲವೂ ಅರ್ಧ ಖಾಲಿಯಾಗಿದ್ದವು.